ಕಾರ್ಬನ್ ಹುಟ್ಟಿಗೆ ಊರಿನವರು ಕಟ್ಟಿದ ಬೆಲೆ

ಏನು ತೋರಿಸಿದರೂ "ಎಷ್ಟು ಅಡಿ ಉಂಟು?" ಎಂದು ಕೇಳುವವರ ನಡುವೆ ಬಾಳುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿಲ್ಲ. ಗೊತ್ತಾಗಬೇಕಿದ್ದರೆ ನಮ್ಮ ಊರಿಗೆ ಬಂದು ಒಂದು ಕಾರ್ಬನ್ ಹುಟ್ಟು ತರಿಸಿ ನೋಡಿ.

ಹುಟ್ಟು ಎಂದರೆ ದೋಣಿಯ ಹುಟ್ಟಲ್ಲ. ನೀರಿನ ಮೇಲೆ ಉದ್ದದ ಹಲಗೆಯೊಂದನ್ನು ತೇಲಿಸಿ, ಅದರ ಮೇಲೆ ನೆಟ್ಟಗೆ ನಿಂತು, ಗಂಭೀರವಾಗಿ ನೀರನ್ನು ಹಿಂದಕ್ಕೆ ತಳ್ಳುತ್ತಾ ಮುಂದೆ ಹೋಗುವ ಒಂದು ಆಟ ಉಂಟು. ಈಗ ಮಂಗಳೂರು ಕಡೆ ಅದನ್ನು ಪ್ರಾಯದವರೂ ಮಾಡುತ್ತಾರೆ, ಪ್ರಾಯ ಹೋದವರೂ ಮಾಡುತ್ತಾರೆ. ಅದಕ್ಕೆ ಬೇಕಾದ ಹುಟ್ಟು ಇದು. ನನ್ನದು ಅಪ್ಪಟ ಕಾರ್ಬನ್ ಫೈಬರ್. ಉದ್ದ ಆರೂವರೆ ಅಡಿ, ತೂಕ ಅರ್ಧ ಕಿಲೋ, ಬೆಲೆ ಮೂವತ್ತೆಂಟು ಸಾವಿರ. ಕೊನೆಯ ಸಂಖ್ಯೆ ಓದಿ ನೀವು ಹುಬ್ಬು ಏರಿಸಿದ್ದೀರಿ ಎಂದು ನನಗೆ ಗೊತ್ತು. ದಯವಿಟ್ಟು ಇಳಿಸಿ. ನಾನು, ಧರ್ಣಪ್ಪ, ಬಿ.ಸಿ.ರೋಡಿನಲ್ಲಿ ಇಪ್ಪತ್ತು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟವನು. ಹಗುರವಾದದ್ದಕ್ಕೆ ಯಾಕೆ ಬೆಲೆ ಹೆಚ್ಚು ಎಂದು ವಿವರಿಸಿಯೇ ನನ್ನ ಗಂಟಲು ಹಾಳಾಗಿದೆ. ಟೈಟಾನಿಯಂ ಫ್ರೇಮನ್ನು ಅಂಗೈಯಲ್ಲಿ ತೂಗಿ, "ಇದರಲ್ಲಿ ಎಂತದೂ ಇಲ್ಲವಲ್ಲ ಮಾರಾಯ್ರೆ" ಎಂದು ಹಿಂದೆ ಕೊಟ್ಟು, ಮೂಗಿನ ಮೇಲೆ ಗುಂಡಿ ಬೀಳಿಸುವ ಫ್ರೇಮನ್ನು ಸಂತೋಷದಿಂದ ಕೊಂಡುಹೋಗುವ ಗಿರಾಕಿಗಳು ನಮ್ಮವರು.

ಹಲಗೆಯನ್ನು ನಾನು ಕೊಂಡದ್ದಲ್ಲ. ನನ್ನ ಹೆಂಡತಿ ಪ್ರೇಮಾವತಿಯ ಅಣ್ಣ ಸಂಕಪ್ಪ ಭಾವನಿಗೆ ಶ್ರವಣ್ ಎಂಬ ಮಗನಿದ್ದಾನೆ, ದುಬೈಯಲ್ಲಿ ಕೆಲಸ. ರಜೆಗೆ ಬಂದಾಗ ಅವನು ಗಾಳಿ ತುಂಬಿಸುವ ಹಲಗೆಯೊಂದನ್ನು ತಂದಿದ್ದ. ಅದರ ಜೊತೆಗೊಂದು ಅಲ್ಯೂಮಿನಿಯಂ ಹುಟ್ಟು, ಒಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ರಜೆ ಮುಗಿದಾಗ ಎಲ್ಲವನ್ನೂ ನಮ್ಮ ಕೊಟ್ಟಿಗೆಯಲ್ಲಿ ಇಟ್ಟು ಹೋದ. ಭಾವನ ಮನೆ ನೇತ್ರಾವತಿಯ ಆಚೆ ದಡದಲ್ಲಿ, ಸಜಿಪದಲ್ಲಿ. ನಮ್ಮದು ಈಚೆ ದಡದಲ್ಲಿ, ಬಿ.ಸಿ.ರೋಡಿನಿಂದ ತುಂಬೆಗೆ ಹೋಗುವಾಗ ನದಿಗೆ ತಾಗಿಕೊಂಡೇ. ತುಂಬೆಯ ಅಣೆಕಟ್ಟಿನ ಗೇಟು ಹಾಕಿದ ಮೇಲೆ ನಮ್ಮ ಮನೆಯ ಎದುರು ನೀರು ಕೆರೆಯ ಹಾಗೆ ನಿಂತಿರುತ್ತದೆ.

ಆ ನೀರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ನಾನು ಹಲಗೆಯ ಮೇಲೆ ನಿಂತೆ. ನಿಂತೆ ಎಂಬುದು ಸ್ವಲ್ಪ ದೊಡ್ಡ ಮಾತು. ಎದ್ದೆ, ಬಲಕ್ಕೆ ಬಿದ್ದೆ. ಮರುದಿನವೂ ಬಲಕ್ಕೆ. ಎಷ್ಟು ಸಲ ಎದ್ದರೂ ಬಲಕ್ಕೇ. ಪಕ್ಕದ ಮನೆಯ ಕುಶಾಲಪ್ಪ ತನ್ನ ಪಂಪಿನ ಶೆಡ್ಡಿನ ಮೆಟ್ಟಿಲಲ್ಲಿ ಬೀಡಿ ಹಿಡಿದುಕೊಂಡು ಕೂತು ದಿನಾ ನೋಡುತ್ತಿದ್ದ.

"ಧರ್ಣಪ್ಪಣ್ಣ, ಮೀಯುವುದಾದರೆ ಹಲಗೆ ಯಾಕೆ?" ಎಂದು ಒಮ್ಮೆ ಕೇಳಿದ.

"ಹುಟ್ಟು ಸರಿ ಇಲ್ಲ," ಎಂದೆ. "ಅಲ್ಯೂಮಿನಿಯಂ. ಭಾರ. ಬಲಕ್ಕೆ ಎಳೀತದೆ."

"ಕುಣಿಯಲಿಕ್ಕೆ ಬಾರದವಳಿಗೆ ನೆಲ ಡೊಂಕಂತೆ," ಎಂದ ಅವನು, ಹೊಗೆ ಬಿಡುತ್ತಾ.

ಈ ಗಾದೆಯ ಬಗ್ಗೆ ನನಗೆ ಮೊದಲಿನಿಂದಲೂ ಸಿಟ್ಟು. ಗಾದೆ ಕಟ್ಟಿದವನು ಒಮ್ಮೆಯಾದರೂ ಆ ನೆಲವನ್ನು ಮಟ್ಟಗೋಲು ಇಟ್ಟು ನೋಡಿದ್ದನೇ? ನಿಜವಾಗಿಯೂ ಡೊಂಕಿದ್ದರೆ? ಪಾಪ, ಆ ಹೆಂಗಸಿನ ಮಾತನ್ನು ಯಾರೂ ಪರೀಕ್ಷಿಸಲಿಲ್ಲ. ನನಗೆ ಹಾಗೆ ಆಗಬಾರದೆಂದು ನಾನು ಮೊಬೈಲಿನಲ್ಲಿ ಓದಿದೆ. ಅಗ್ಗದ ಹುಟ್ಟು ಭುಜವನ್ನು ಕೊಲ್ಲುತ್ತದೆ, ಕಾರ್ಬನ್ ಹುಟ್ಟು ಮನುಷ್ಯನನ್ನು ಬೇರೆಯೇ ಮನುಷ್ಯನನ್ನಾಗಿ ಮಾಡುತ್ತದೆ ಎಂದು ಅದನ್ನು ಮಾರುವವರೇ ಬರೆದಿದ್ದರು. ಆರ್ಡರ್ ಮಾಡಿದೆ. ಪ್ರೇಮಾವತಿಗೆ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಹೇಳುವ ಸಂದರ್ಭ ಬರಲಿಲ್ಲ.

ಇಲ್ಲಿ ದೋಟಿಯ ವಿಷಯ ಹೇಳದೆ ನಿರ್ವಾಹವಿಲ್ಲ. ದೋಟಿ ಎಂದರೆ ನೆಲದಲ್ಲಿ ನಿಂತೇ ಮರದ ತಲೆಯಿಂದ ಅಡಿಕೆ ಗೊನೆ ಇಳಿಸುವ ಉದ್ದದ ಕೋಲು. ಮೊದಲು ಬಿದಿರಿನದ್ದಿತ್ತು. ಈಗ ಕಾರ್ಬನ್ ಫೈಬರಿನದ್ದು ಬಂದಿದೆ, ಒಂದರೊಳಗೊಂದು ಸೇರುವ ತುಂಡುಗಳು, ಎಳೆದರೆ ಅರುವತ್ತು ಅಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಎಲ್ಲಿ ಹೋಗಿ ನೀವು "ಕಾರ್ಬನ್" ಎಂದು ಹೇಳಿದರೂ ಜನ ಕತ್ತು ಎತ್ತಿ ಮರದ ತಲೆ ನೋಡುತ್ತಾರೆ. ಪ್ರಪಂಚದಲ್ಲಿ ಕಾರ್ಬನ್ನಿನಿಂದ ವಿಮಾನ ಮಾಡುತ್ತಾರೆ ಎಂಬುದು ಇಲ್ಲಿ ಯಾರಿಗೂ ಬೇಡದ ಸುದ್ದಿ.

ನಮ್ಮ ಹಿತ್ತಲಲ್ಲಿ ನೂರೈವತ್ತು ಅಡಿಕೆ ಮರ ಉಂಟು. ಮರ ಹತ್ತಲು ನೆರಿಯದಿಂದ ಒಬ್ಬ ಬರುತ್ತಿದ್ದ. ಅವನೂ ದೋಟಿ ಕೊಂಡ, ಈಗ ದೊಡ್ಡ ತೋಟಗಳಿಗೆ ಮಾತ್ರ ಹೋಗುತ್ತಾನೆ. ಹಾಗಾಗಿ ಮೂರು ವರ್ಷದಿಂದ ನಮ್ಮ ಅಡಿಕೆ ಹಣ್ಣಾಗಿ ತಾನೇ ಬೀಳುತ್ತದೆ, ಪ್ರೇಮಾವತಿ ಬಗ್ಗಿ ಒಂದೊಂದೇ ಹೆಕ್ಕುತ್ತಾಳೆ. ಒಂದು ದೋಟಿ ತೆಗೆಯುವ ಎಂದು ಮೂರು ವರ್ಷವೂ ಕೇಳಿದಳು. "ನೋಡುವ" ಎಂದು ನಾನು ಮೂರು ವರ್ಷವೂ ಹೇಳಿದೆ. ಗಂಡಸರು ಹೇಳುವ ಈ ಮಾತಿಗೆ ಏನು ಅರ್ಥ ಎಂದು ನಮ್ಮ ಕಡೆಯ ಹೆಂಗಸರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಪಾರ್ಸೆಲ್ ಬಂದ ದಿನ ನಾನು ಅಂಗಡಿಯಲ್ಲಿದ್ದೆ. ಮಧ್ಯಾಹ್ನ ಪ್ರೇಮಾವತಿಯ ಫೋನು ಬಂತು.

"ಇವತ್ತು ಬೇಗ ಬನ್ನಿ. ಕೋರಿ ರೊಟ್ಟಿ ಮಾಡ್ತೇನೆ."

ದೀಪಾವಳಿಯೂ ಅಲ್ಲ, ನೆಂಟರೂ ಇಲ್ಲ. ನನಗೆ ಸಂಶಯ ಬರಬೇಕಿತ್ತು. ಆದರೆ ಕೋಳಿಯ ಮಾತು ಬಂದಾಗ ಸಂಶಯಪಡುವುದು ನನ್ನ ಸ್ವಭಾವವಲ್ಲ.

ಮನೆಗೆ ಹೋದರೆ, ದೇವರ ಕೋಣೆಯ ಬಾಗಿಲಿಗೆ ಒರಗಿಸಿ ನಿಲ್ಲಿಸಿದ್ದಳು ನನ್ನ ಹುಟ್ಟನ್ನು. ಅದರ ಅಗಲ ಭಾಗಕ್ಕೆ ಕುಂಕುಮ, ಹಿಡಿಗೆ ಒಂದು ಮಲ್ಲಿಗೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿದ್ದ ಕಾರ್ಬನ್ ಫೈಬರ್ ಎಂಬ ಎರಡು ಶಬ್ದ ಓದಿ ಅವಳು ಉಳಿದದ್ದನ್ನು ಓದುವ ಗೋಜಿಗೆ ಹೋಗಿರಲಿಲ್ಲ.

ನಾನು ಕೂತೆ. ಅವಳು ಬಡಿಸಿದಳು. ರೊಟ್ಟಿ ಮುರಿದು, ಅದರ ಮೇಲೆ ಸಾರು ಹೊಯ್ದು, ಎದುರು ಕೂತು ನಾನು ಉಣ್ಣುವುದನ್ನೇ ನೋಡಿದಳು.

"ನಾನು ಹೇಳಿದ್ದು ನಿಮಗೆ ನೆನಪೇ ಇಲ್ಲ ಅಂತ ತಿಳ್ಕೊಂಡಿದ್ದೆ," ಎಂದಳು. "ಸುಮ್ಮನೆ ಮನಸ್ಸಿನಲ್ಲಿ ನಿಮ್ಮನ್ನು ಬೈದೆ."

ಬಾಯಿ ತುಂಬ ಕೋರಿ ರೊಟ್ಟಿ ಇಟ್ಟುಕೊಂಡು ಸತ್ಯ ಹೇಳುವುದು ಸಭ್ಯತೆಯಲ್ಲ. ಬಾಯಿ ಖಾಲಿಯಾಗುವ ಮೊದಲೇ ಅವಳು ಇನ್ನೆರಡು ರೊಟ್ಟಿ ಹಾಕುತ್ತಿದ್ದಳು. ಹೀಗೆ ಸತ್ಯಕ್ಕೆ ಜಾಗ ಸಿಗಲಿಲ್ಲ.

"ಉಳಿದ ತುಂಡುಗಳು ಯಾವಾಗ ಬರ್ತದೆ?" ಎಂದು ಕೇಳಿದಳು.

"ಬರ್ತದೆ," ಎಂದೆ.

ಈ ಇಡೀ ಪ್ರಕರಣದಲ್ಲಿ ನಾನು ಹೇಳಿದ ಸುಳ್ಳು ಇದೊಂದೇ ಶಬ್ದ. ಉಳಿದದ್ದೆಲ್ಲ ಊರಿನವರು ಸೇರಿಸಿದ್ದು. ಮದುವೆಯಾದ ಮೇಲೆ ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿದ ನೆನಪಿಲ್ಲ, ಅದನ್ನು ಕೆಡಿಸುವ ಧೈರ್ಯವಿರುವ ಗಂಡಸು ಇದ್ದರೆ ಮುಂದೆ ಬಂದು ನನ್ನನ್ನು ದೂರಲಿ.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುವಾಗಲೇ ಕುಶಾಲಪ್ಪ ಅಂಗಳದಲ್ಲಿದ್ದ. ಹುಟ್ಟನ್ನು ಎತ್ತಿ ತೂಗಿದ, ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿದ, ಉಗುರಿನಿಂದ ತಟ್ಟಿದ.

"ಎಷ್ಟು ಅಡಿ?"

"ಆರೂವರೆ."

"ಎಷ್ಟು ಕೊಟ್ಟಿರಿ?"

ಹೇಳಿದೆ. ಬಚ್ಚಿಡಲು ನಾನೇನು ಕದ್ದು ತಂದದ್ದಲ್ಲವಲ್ಲ. ಕುಶಾಲಪ್ಪ ಬೆರಳು ಮಡಚಿ ಬಹಳ ಹೊತ್ತು ಲೆಕ್ಕ ಹಾಕಿದ. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟ. ಸಾವಿನ ಮನೆಯಲ್ಲಿ ಮಾತ್ರ ಅವನು ಹಾಗೆ ಕೈ ಇಡುವುದು.

"ನನ್ನ ಅರುವತ್ತು ಅಡಿಯದ್ದಕ್ಕೆ ಅಡಿಗೆ ಸಾವಿರದ ಇನ್ನೂರು ಬಿದ್ದಿದೆ. ನಿಮಗೆ ಅಡಿಗೆ ಆರು ಸಾವಿರದ ಹತ್ತಿರ ಹತ್ತಿರ. ನಿಮ್ಮನ್ನು ಯಾರೋ ಚೆನ್ನಾಗಿ ನೋಡಿ ಕಳಿಸಿದ್ದಾರೆ ಧರ್ಣಪ್ಪಣ್ಣ."

"ಉಳಿದ ತುಂಡು ಬರಲಿಕ್ಕುಂಟು," ಎಂದು ಪ್ರೇಮಾವತಿ ಒಳಗಿನಿಂದ ಹೇಳಿದಳು, ಹೆಮ್ಮೆಯಿಂದ.

ಆ ದಿನದಿಂದ ನಮ್ಮ ಅಂಗಳಕ್ಕೆ ಬಂದವರ ಮುಖ್ಯ ಚರ್ಚೆ ಹುಟ್ಟಿನ ತುದಿಯ ಅಗಲ ಭಾಗದ ಬಗ್ಗೆ. ಬೀಳುವ ಗೊನೆಯನ್ನು ಅದರಲ್ಲಿ ಹಿಡಿಯುವುದೆಂದು ಕುಶಾಲಪ್ಪ ವಾದಿಸಿದ. ಅಲ್ಲ, ಮರದ ತಲೆಗೆ ಮದ್ದು ಬಿಡುವಾಗ ನಮ್ಮ ಮೈಮೇಲೆ ಬೀಳದ ಹಾಗೆ ಅದು ಮರೆ ಎಂದು ಇನ್ನೊಬ್ಬರು. ಪ್ರೇಮಾವತಿಯ ಸ್ವಸಹಾಯ ಸಂಘದ ವಿಜೇತಾ ಅದನ್ನು ಕೈಗೆ ತೆಗೆದುಕೊಂಡು ಒಂದು ಸಲ ಬೀಸಿ, "ಇದು ಮಂಗನಿಗೆ ಬಡಿಯಲಿಕ್ಕೆ ಅಕ್ಕ, ನೋಡುವಾಗಲೇ ಗೊತ್ತಾಗ್ತದೆ," ಎಂದಳು. ಆ ವಿವರಣೆಗೆ ಬಹುಮತ ಬಂತು. ಅರ್ಧ ಕಿಲೋ ತೂಕದ ಒಂದು ಅಪೂರ್ವ ವಸ್ತುವನ್ನು ತಯಾರಿಸಿದ ಎಂಜಿನಿಯರುಗಳು ಇದನ್ನು ಕೇಳಿದ್ದರೆ ಕೆಲಸ ಬಿಟ್ಟು ಸನ್ಯಾಸ ತೆಗೆದುಕೊಳ್ಳುತ್ತಿದ್ದರು.

ನಾಲ್ಕನೆಯ ದಿನ ಸುದ್ದಿ ಸರಕಾರಕ್ಕೆ ತಲುಪಿತು. ನಮ್ಮ ಸಹಕಾರಿ ಸಂಘದ ಕಾರ್ಯದರ್ಶಿ ಶೇಷಪ್ಪನವರು ತೋಟಗಾರಿಕೆ ಇಲಾಖೆಯ ಸುರಕ್ಷಾ ಮೇಡಮ್ಮನವರನ್ನು ಕರೆದುಕೊಂಡು ನನ್ನ ಅಂಗಡಿಗೇ ಬಂದರು. ಶೇಷಪ್ಪನವರು ಮನೆಯಲ್ಲಿ ಹೆಂಡತಿಯ ಹತ್ತಿರ ನೀರು ಕೇಳುವಾಗಲೂ ಸ್ವಾಗತ ಭಾಷಣದ ಕನ್ನಡದಲ್ಲಿ ಕೇಳುವವರು ಎಂದು ಪ್ರತೀತಿ.

"ಮಾನ್ಯರೇ, ತಾವು ನೂತನ ಮಾದರಿಯ ದೋಟಿಯೊಂದನ್ನು ತರಿಸಿರುತ್ತೀರಿ ಎಂದು ತಿಳಿದು ನಮ್ಮ ಸಂಘಕ್ಕೆ ಅತೀವ ಹರ್ಷವಾಗಿದೆ. ಬರುವ ಭಾನುವಾರ ತಮ್ಮ ಹಿತ್ತಲಿನಲ್ಲಿಯೇ ಒಂದು ಪ್ರಾತ್ಯಕ್ಷಿಕೆ ಇಡುವ ಎಂದು ತೀರ್ಮಾನಿಸಿದ್ದೇವೆ. ಕುರ್ಚಿ, ಚಹಾ, ಬ್ಯಾನರು ನಮ್ಮದು."

"ಶೇಷಪ್ಪಣ್ಣ, ಅದು ನಿಜವಾಗಿ ದೋಟಿ..." ಎಂದು ನಾನು ಬಾಯಿ ತೆರೆದೆ.

"ಬೆಳ್ತಂಗಡಿ ಕಚೇರಿಗೂ ಫೋನ್ ಮಾಡಿ ಕೇಳಿದೆ," ಎಂದರು ಮೇಡಂ. "ಅವರಲ್ಲಿ ಕೂಡ ಈ ಮಾದರಿ ಬಂದಿಲ್ಲವಂತೆ. ಸಬ್ಸಿಡಿ ಪಟ್ಟಿಗೆ ಸೇರಿಸಲಿಕ್ಕೆ ಆಗ್ತದಾ ನೋಡುವ. ನಿಮ್ಮ ಮನೆಯವರ ಹತ್ತಿರ ಮಾತಾಡಿದೆ, ಅವರೇ ಎತ್ತಿ ತೋರಿಸ್ತಾರಂತೆ. ಹೆಂಗಸರಿಗೂ ಎತ್ತಲಿಕ್ಕೆ ಆಗುವಷ್ಟು ಹಗುರ ಅಂತ ಬಹಳ ಖುಷಿಯಲ್ಲಿ ಹೇಳಿದರು."

ಕನ್ನಡಕ ಸರಿ ಮಾಡಿಸಲು ಬಂದಿದ್ದ ಮುದುಕರೊಬ್ಬರು, ಫೋಟೋದಲ್ಲಿ ತಮ್ಮನ್ನೂ ಸೇರಿಸಬೇಕೆಂದು ಕೇಳಿಕೊಂಡರು.

ಭಾನುವಾರಕ್ಕೆ ಮೊದಲು ಏನಾದರೂ ಮಾಡಬೇಕಿತ್ತು. ಅನ್ಯಾಯಕ್ಕೆ ಒಳಗಾದವನಿಗೆ ಬುದ್ಧಿ ಚುರುಕಾಗುತ್ತದೆ ಎನ್ನುತ್ತಾರೆ. ನನಗೂ ಚುರುಕಾಯಿತು. ದೋಟಿಯ ಉಳಿದ ತುಂಡುಗಳನ್ನು ಮಾತ್ರ ಕೊಂಡು ನನ್ನ ಹುಟ್ಟಿನ ಬಾಲಕ್ಕೆ ಸಿಕ್ಕಿಸಿದರೆ ಹುಟ್ಟೂ ಉಳಿಯುತ್ತದೆ, ದೋಟಿಯೂ ಆಗುತ್ತದೆ, ಸಂಸಾರವೂ ನಡೆಯುತ್ತದೆ. ಮೂಡುಬಿದಿರೆಯಲ್ಲಿ ಅಮಲ್ ಎಂಬವನು ದೋಟಿ ಮಾರುತ್ತಾನೆ, ಮುರಿದದ್ದನ್ನು ಜೋಡಿಸಿಯೂ ಕೊಡುತ್ತಾನೆ ಎಂದು ಕೇಳಿದ್ದೆ. ಹುಟ್ಟನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಕಂಡಕ್ಟರ್ ಮೊದಲು ನನ್ನನ್ನು ನೋಡಿದ, ಆಮೇಲೆ ಅದನ್ನು.

"ಕಾರ್ಬನ್ನಾ?"

"ಹೌದು."

"ದೋಟಿಗೆ ಲಗೇಜು ಟಿಕೇಟು ಉಂಟು."

"ಇದು ದೋಟಿ ಅಲ್ಲ. ಕ್ರೀಡಾ ಸಾಮಗ್ರಿ."

"ಆಟ ಆಡಲಿಕ್ಕೆ ನಿಮಗೆ ಪ್ರಾಯ ಎಷ್ಟು?" ಎಂದು ಕೇಳಿ ಅವನು ಲಗೇಜು ಟಿಕೇಟನ್ನೇ ಹರಿದ. ಹಿಂದಿನ ಸೀಟಿನ ಒಬ್ಬರು ಎಷ್ಟು ಅಡಿ ಎಂದು ಕೇಳಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಅಮಲ್ ಬೆಡ್‌ಶೀಟು ಬಿಚ್ಚಿ, ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮೆಲ್ಲನೆ ಸವರಿದ. ಕೊನೆಗೂ ಯೋಗ್ಯತೆ ತಿಳಿದವನೊಬ್ಬ ಸಿಕ್ಕಿದ ಎಂದು ನನ್ನ ಎದೆ ತುಂಬಿ ಬಂತು.

"ಒಳ್ಳೆಯ ಮಾಲು ಸಾರ್," ಎಂದ. "ಸೇರಿಸ್ಲಿಕ್ಕೆ ಆಗ್ತದೆ. ಈ ಅಗಲದ್ದನ್ನು ಕತ್ತರಿಸಿ ಬಿಸಾಡಬೇಕು, ಮೇಲಿನ ಹಿಡಿಯನ್ನೂ ಕತ್ತರಿಸಬೇಕು. ನಡುವಿನ ಕೋಲು ಮಾತ್ರ ಇಟ್ಟುಕೊಳ್ಳುವ."

ನಾನು ಬೆಡ್‌ಶೀಟು ಸುತ್ತಿಕೊಂಡು ಹೊರಟೆ. "ಸಾರ್, ನಂಬರ್ ಇಟ್ಟುಕೊಳ್ಳಿ," ಎಂದು ಅವನು ಹಿಂದಿನಿಂದ ಓಡಿ ಬಂದು ಕಾರ್ಡು ಕೊಟ್ಟ. ಮಗುವಿನ ತಲೆ ತೆಗೆದು ಅಂಗಿ ಹೊಲಿಸಿ ಕೊಡುತ್ತೇನೆ ಎನ್ನುವವನ ನಂಬರು ನನಗೆ ಯಾಕೆ? ಆದರೂ ಕಿಸೆಗೆ ಹಾಕಿದೆ, ರಸ್ತೆಯಲ್ಲಿ ಬಿಸಾಡುವುದು ಸರಿಯಲ್ಲವೆಂದು.

ಭಾನುವಾರ ಬಂತು. ಹಿತ್ತಲಿನ ಬಾಯಿಗೆ ಬ್ಯಾನರು ಕಟ್ಟಿದ್ದರು. ಅದರಲ್ಲಿ ನನ್ನ ಹೆಸರಿನ ಹಿಂದೆ "ಪ್ರಗತಿಪರ ಕೃಷಿಕರಾದ" ಎಂದು ಇತ್ತು. ಸಂಕಪ್ಪ ಭಾವ ಸಜಿಪದಿಂದ ಬಿಳಿ ಪಂಚೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ತಂಗಿಗೆ ಗಂಡ ಕೊನೆಗೂ ಏನಾದರೂ ತೆಗೆದುಕೊಟ್ಟ ದಿನ ತಾನು ಸಾಕ್ಷಿಯಾಗಿ ಇರಬೇಕು ಎಂಬ ಮುಖ. ಪ್ರೇಮಾವತಿ ಒಳ್ಳೆಯ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು.

ಶೇಷಪ್ಪನವರು ಮಾತಾಡಿದರು. ಮೇಡಂ ಮಾತಾಡಿದರು. ಆಮೇಲೆ ಪ್ರೇಮಾವತಿ ಹುಟ್ಟನ್ನು ಎತ್ತಿಕೊಂಡು ಮೊದಲನೆಯ ಮರದ ಬುಡಕ್ಕೆ ಹೋಗಿ, ಬೆರಳ ತುದಿಯಲ್ಲಿ ನಿಂತು ಎರಡೂ ಕೈ ಎತ್ತಿ ಹಿಡಿದಳು. ಹುಟ್ಟಿನ ತುದಿಗೂ ಗೊನೆಗೂ ನಡುವೆ ನಲುವತ್ತು ಅಡಿ ಆಕಾಶವಿತ್ತು.

ಎಲ್ಲರೂ ಗೊನೆಯನ್ನು ನೋಡಿದರು. ಆಮೇಲೆ ಹುಟ್ಟನ್ನು. ಆಮೇಲೆ ನನ್ನನ್ನು.

"ತುಂಡುಗಳು ಎಲ್ಲಿ?" ಎಂದು ಪ್ರೇಮಾವತಿ ಕೇಳಿದಳು.

ನಾವು ಮನೆಯಲ್ಲಿ ಮಾತಾಡುವುದು ತುಳು. ಪ್ರೀತಿ, ಜಗಳ, ಲೆಕ್ಕ ಎಲ್ಲವೂ ತುಳುವಿನಲ್ಲೇ. ಈವರೆಗೆ ನಾನು ಬರೆದ ಅವಳ ಮಾತುಗಳೂ ತುಳುವಿನವೇ. ಈ ಪ್ರಶ್ನೆಯನ್ನು ಅವಳು ಕನ್ನಡದಲ್ಲಿ ಕೇಳಿದಳು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಪೊಲೀಸರ ಎದುರು ಮಾತಾಡುವ ಕನ್ನಡದಲ್ಲಿ.

"ಬರುವುದಿಲ್ಲ," ಎಂದೆ.

"ಯಾಕೆ ಬರುವುದಿಲ್ಲ?"

"ಅದು ಅಷ್ಟೇ ಇರುವುದು. ಅದು ದೋಟಿ ಅಲ್ಲ."

"ಮತ್ತೆ ಏನು?"

"ಹುಟ್ಟು. ಶ್ರವಣನ ಹಲಗೆಯ ಮೇಲೆ ನಿಂತು ಹೋಗ್ಲಿಕ್ಕೆ."

ಹಿತ್ತಲಲ್ಲಿ ಒಂದು ಅಡಿಕೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಶೇಷಪ್ಪನವರು ವಂದನಾರ್ಪಣೆಯ ಕಾಗದವನ್ನು ನಾಲ್ಕಾಗಿ ಮಡಚಿದರು. ಮೇಡಂ ತುಂಬ ಯೋಚಿಸಿ, "ಹಾಗಾದರೆ ಇದು ಮೀನುಗಾರಿಕೆ ಇಲಾಖೆಗೆ ಬರ್ತದೆ. ನಮಗಲ್ಲ," ಎಂದು ನಿಟ್ಟುಸಿರು ಬಿಟ್ಟರು. ಅವರ ಮುಖದಲ್ಲಿ ನಿಜವಾದ ನೆಮ್ಮದಿ ಇತ್ತು. ಕುಶಾಲಪ್ಪ ಮತ್ತೆ ಬೆರಳು ಮಡಚುತ್ತಿದ್ದ.

ಸಂಕಪ್ಪ ಭಾವ ಎದ್ದು ನಿಂತ. "ನೀರಿನಲ್ಲಿ ನಿಲ್ಲಲಿಕ್ಕೆ ಕೋಲು ಯಾಕೆ ಭಾವ? ಕಾಲು ಸಾಕಾಗುವುದಿಲ್ಲವಾ?"

"ಭಾವ, ನಿಮಗೆ ಇದರ ಗುಣಮಟ್ಟ ಗೊತ್ತಿಲ್ಲ."

"ಮೂವತ್ತೆಂಟು ಸಾವಿರದ ಗುಣಮಟ್ಟ ನಾವೂ ಒಮ್ಮೆ ನೋಡುವ."

ನನಗೆ ರೋಷ ಉಕ್ಕಿತು. ಎಷ್ಟು ದಿನ ಅಂತ ಸಹಿಸುವುದು? "ಬನ್ನಿ, ತೋರಿಸ್ತೇನೆ," ಎಂದೆ. ಇಡೀ ಸಭೆ ಕುರ್ಚಿ ಎತ್ತಿಕೊಂಡು ನದಿಯ ದಡಕ್ಕೆ ಬಂತು. ಚಹಾದ ಕ್ಯಾನೂ ಬಂತು.

ಹಲಗೆಗೆ ಗಾಳಿ ತುಂಬಿಸಿದೆ. ಜಾಕೆಟ್ ಹಾಕಿದೆ. ಕಾರ್ಬನ್ ಹುಟ್ಟು ಹಿಡಿದು, ಮೊಣಕಾಲೂರಿ, ಎದ್ದು, ಎಡಕ್ಕೆ ಬಿದ್ದೆ.

ಇದನ್ನು ದಯವಿಟ್ಟು ಗಮನಿಸಬೇಕು. ಅಲ್ಯೂಮಿನಿಯಂ ಹುಟ್ಟಿನಲ್ಲಿ ನಾನು ಬೀಳುತ್ತಿದ್ದದ್ದು ಬಲಕ್ಕೆ. ಈಗ ಎಡಕ್ಕೆ. ವ್ಯತ್ಯಾಸ ಸ್ಪಷ್ಟವಾಗಿತ್ತು. ಆದರೆ ನೀರಿನಿಂದ ತಲೆ ಎತ್ತಿ ಇದನ್ನು ಸಭೆಗೆ ವಿವರಿಸಲು ಹೊರಟಾಗ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಕುಶಾಲಪ್ಪ ಕುರ್ಚಿಯಿಂದ ಜಾರಿ ನೆಲದಲ್ಲಿ ಕೂತು ನಗುತ್ತಿದ್ದ. ಶೇಷಪ್ಪನವರು ನಗುವನ್ನು ಕೆಮ್ಮಾಗಿ ಪರಿವರ್ತಿಸುವ ಸಾಹಸದಲ್ಲಿದ್ದರು.

ಪ್ರೇಮಾವತಿ ಮಾತ್ರ ನಗಲಿಲ್ಲ. ಮೆಟ್ಟಿಲಿಳಿದು ಬಂದಳು.

"ಕೊಡಿ ಇಲ್ಲಿ," ಎಂದಳು. ಕನ್ನಡದಲ್ಲೇ.

ನಾನು ಹುಟ್ಟು ಕೊಟ್ಟೆ. ಕೈ ಚಾಚಿಯೇ ಇದ್ದಳು, ಜಾಕೆಟನ್ನೂ ಕೊಟ್ಟೆ. ಸೀರೆಯ ಮೇಲೆ ಅದನ್ನು ಹಾಕಿ ಬಿಗಿದು, ಹಲಗೆಯ ನಡುವೆ ಮೊಣಕಾಲೂರಿದಳು. ಸ್ವಲ್ಪ ದೂರ ಹಾಗೆಯೇ ಹೋದಳು. ಹಲಗೆ ಎರಡು ಸಲ ಹೊರಳಾಡಿತು, ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳು ನಿಂತಿದ್ದಳು.

"ಸಣ್ಣದಿರುವಾಗ ಅಡಿಕೆ ಮರದ ಸಂಕದಲ್ಲಿ ತಲೆ ಮೇಲೆ ಹುಲ್ಲಿನ ಕಟ್ಟು ಇಟ್ಟುಕೊಂಡು ತೋಡು ದಾಟುತ್ತಿದ್ದವಳು ಅವಳು," ಎಂದ ಭಾವ, ಯಾರಿಗೋ ಎಂಬಂತೆ. "ಆ ಸಂಕ ಇದಕ್ಕಿಂತ ಸಪುರ, ಒಂದು ಪಾದ ಹಿಡಿಯುವಷ್ಟೇ."

ಅವಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹುಟ್ಟು ಹಾಕಿದಳು. ನೀರು ಸದ್ದು ಮಾಡಲಿಲ್ಲ. ಕಾರ್ಬನ್ ಹುಟ್ಟು ಹೇಗೆ ನೀರಿಗೆ ಇಳಿಯಬೇಕೆಂದು ನಾನು ಮೊಬೈಲಿನಲ್ಲಿ ನೋಡಿದ್ದೆನೋ ಹಾಗೆಯೇ ಇಳಿಯುತ್ತಿತ್ತು. ದಡದಲ್ಲಿ ನಗು ನಿಂತಿತು. ವಿಜೇತಾ ಚಪ್ಪಾಳೆ ತಟ್ಟಿದಳು. ನನಗೂ ಒಂದು ಕ್ಷಣ ಹೆಮ್ಮೆಯಾಯಿತು. "ನೋಡಿದಿರಾ, ಹುಟ್ಟಿನ ಗುಣಮಟ್ಟ?" ಎಂದು ಕುಶಾಲಪ್ಪನಿಗೆ ಹೇಳಿದೆ.

"ಹುಟ್ಟಿನದ್ದು ಸರಿ," ಎಂದ ಅವನು. "ಆದರೆ ಅವರು ತಿರುಗುತ್ತಾ ಇಲ್ಲವಲ್ಲ."

ಹೌದು. ನಡು ನದಿ ದಾಟಿತು. ಅವಳು ತಿರುಗಲಿಲ್ಲ. ನಾನು ಕೈ ಬೀಸಿದೆ. ಕರೆದೆ. ಕಿತ್ತಳೆ ಬಣ್ಣದ ಜಾಕೆಟು ಸಣ್ಣದಾಗುತ್ತಾ ಆಚೆ ದಡಕ್ಕೆ ಮುಟ್ಟಿತು. ಅವಳು ಇಳಿದು, ಹಲಗೆಯನ್ನು ಮರಳಿನ ಮೇಲೆ ಎಳೆದು, ಹುಟ್ಟನ್ನು ಹೆಗಲಿಗೆ ಹಾಕಿಕೊಂಡು ಭಾವನ ಮನೆಯ ಕಡೆ ನಡೆದಳು.

"ತವರಿಗೆ ಹೋದಳು ಭಾವ," ಎಂದ ಸಂಕಪ್ಪ.

"ಒಂದು ಮಾತು ಹೇಳದೆ?"

"ನಾನು ಇಲ್ಲಿರುವಾಗ ಅವಳು ಅಲ್ಲಿ. ನಾನು ಈಗ ಬಸ್ಸಿನಲ್ಲಿ ಪಾಣೆಮಂಗಳೂರು ಸುತ್ತಿ ಹೋಗಬೇಕು." ಅವನಿಗೂ ಸಿಟ್ಟು ಬಂದಿತ್ತು. ಆದರೆ ಬಂದದ್ದು ನನ್ನ ಮೇಲೆ. ಹೆಂಗಸರು ತವರಿಗೆ ಹೋಗುವುದು ನಾನೂ ಕಂಡಿದ್ದೇನೆ. ಬ್ಯಾಗು ತುಂಬಿಸುತ್ತಾರೆ, ಬಾಗಿಲು ಬಡಿಯುತ್ತಾರೆ, ಬಸ್ಸು ಬರುವವರೆಗೆ ನಿಲ್ಲುತ್ತಾರೆ, ಅಷ್ಟರಲ್ಲಿ ಗಂಡನಿಗೆ ಒಂದು ಅವಕಾಶ ಇರುತ್ತದೆ. ಸಹಕಾರಿ ಸಂಘದ ಸಮಕ್ಷಮದಲ್ಲಿ, ಗಂಡನದ್ದೇ ಹುಟ್ಟು ಹಿಡಿದು, ನಿಂತುಕೊಂಡೇ ಹೋದದ್ದು ಎಲ್ಲಿಯಾದರೂ ಉಂಟೇ?

ಸಂಜೆ ಫೋನು ಮಾಡಿದೆ.

"ಒಳ್ಳೆಯ ವಸ್ತು," ಎಂದಳು. "ಕೈಗೆ ಎಂತದೂ ಭಾರ ಇಲ್ಲ. ನೀವು ಕೊಟ್ಟ ಹಣಕ್ಕೆ ಮೋಸ ಆಗಲಿಲ್ಲ."

ಪಾರ್ಸೆಲ್ ಬಂದ ದಿನದಿಂದ ನಾನು ಯಾರ ಬಾಯಲ್ಲಾದರೂ ಕೇಳಬೇಕೆಂದು ಕಾದಿದ್ದ ಮಾತು ಅದು. ಕೇಳಿದರೆ ಒಂದು ಚೂರೂ ಸಂತೋಷವಾಗಲಿಲ್ಲ.

"ನಾಳೆ ಬರ್ತೀಯಾ?"

"ಹಿತ್ತಲಲ್ಲಿ ಅಡಿಕೆ ಬಿದ್ದಿದೆ. ಇವತ್ತು ಹೆಕ್ಕಿಲ್ಲ. ಹೆಕ್ಕಿ ಮುಗಿದ ಮೇಲೆ ಫೋನ್ ಮಾಡಿ."

ಇಷ್ಟೇ ಅಲ್ಲವೇ, ಎಂದುಕೊಂಡೆ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಮುಗಿಸಿಬಿಡುವ ಎಂದು ಬುಟ್ಟಿ ಹಿಡಿದು ಇಳಿದೆ. ಬಿದ್ದ ಅಡಿಕೆ ಕಣ್ಣಿಗೆ ಕಾಣುವ ಜಾಗದಲ್ಲಿ ಬೀಳುವುದಿಲ್ಲ. ಒಣಗಿದ ಹಾಳೆಯ ಅಡಿಗೆ, ಹುಲ್ಲಿನ ಬುಡಕ್ಕೆ, ನೀರು ಹೋಗುವ ಕಣಿಯ ಕೆಸರಿಗೆ ಹೋಗಿ ಅಡಗುತ್ತದೆ. ಒಂದು ಹೆಕ್ಕಲು ಒಮ್ಮೆ ಬಗ್ಗಬೇಕು. ಎರಡನೆಯ ಸಾಲಿನ ನಡುವೆ ನನ್ನ ಸೊಂಟ ನನ್ನ ಹತ್ತಿರ ಮಾತು ಬಿಟ್ಟಿತು. ಕೈ ಊರಿ ನೆಟ್ಟಗಾದೆ. ಹಿಂದೆ ಟಪ್ ಎಂದು ಸದ್ದು. ತಿರುಗಿ ನೋಡಿದರೆ, ಈಗಷ್ಟೇ ಗುಡಿಸಿದ ಹಾಗೆ ಹೆಕ್ಕಿ ಬಂದ ಜಾಗದಲ್ಲಿ ಕೆಂಪಗೆ ಇನ್ನೊಂದು. ಅದಕ್ಕೆ ಬಗ್ಗಿದರೆ ಆಚೆ ಮತ್ತೊಂದು.

ಮೂರು ವರ್ಷ ಅವಳು ಇದನ್ನು ಮಾಡಿದ್ದಳು. ಸಂಜೆ ನಾನು ಅಂಗಡಿಯಿಂದ ಬಂದಾಗ ಎದ್ದು ಚಹಾ ಮಾಡುತ್ತಿದ್ದಳು, ಏಳುವಾಗ ಕಂಬ ಹಿಡಿಯುತ್ತಿದ್ದಳು. ಕಂಬ ಹಿಡಿಯುವುದು ಅವಳ ಅಭ್ಯಾಸ ಎಂದು ನಾನು ತಿಳಿದಿದ್ದೆ. ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆ ತೀರಿಸುವ ಎಂದು ನೋಡಿದರೆ ಹಿತ್ತಲಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಬುಟ್ಟಿಯನ್ನು ಅಲ್ಲಿಯೇ ಇಟ್ಟು, ಕಾರ್ಡು ಹುಡುಕಿ ಮೂಡುಬಿದಿರೆಗೆ ಫೋನು ಮಾಡಿ, ಆವತ್ತು ಬೆಡ್‌ಶೀಟಿನಲ್ಲಿ ಸುತ್ತಿ ಹುಟ್ಟು ತಂದವನು ಎಂದೆ.

"ಓ ಸಾರ್, ಹುಟ್ಟು ಕತ್ತರಿಸುವುದಾ?" ಎಂದ ಅಮಲ್.

"ಅದು ಬೇಡ. ದೋಟಿ ಬೇಕು. ಹೊಸದ್ದು."

"ಉಂಟು ಸಾರ್. ಅರುವತ್ತು ಅಡಿಯದ್ದು ಉಂಟು, ಎಂಬತ್ತರದ್ದು ಉಂಟು. ಅಡಿಗೆ ರೇಟು ಹೇಗೆ ಅಂತ ಹೇಳ್ತೇನೆ, ಕೇಳಿ..."

"ರೇಟು ಆಮೇಲೆ. ಇವತ್ತೇ ತರ್ಲಿಕ್ಕೆ ಆಗ್ತದಾ?"

ನಮ್ಮ ಕಡೆಯವರು ಹೀಗೆ ಮಾತಾಡಿದ್ದನ್ನು ಅವನು ಕೇಳಿರಲಿಕ್ಕಿಲ್ಲ.

"ಮಧ್ಯಾಹ್ನಕ್ಕೆ ಪಿಕಪ್ಪಿನಲ್ಲಿ ತರ್ತೇನೆ ಸಾರ್. ಎಲ್ಲಿಗೆ, ನಿಮ್ಮ ಮನೆಗೇ ಅಲ್ವಾ?"

"ಅಲ್ಲ," ಎಂದೆ. "ಸಜಿಪಕ್ಕೆ. ಬಿಲ್ಲು ಪ್ರೇಮಾವತಿ ಅಂತ ಬರೀರಿ. ನಾನು ಸಜಿಪಕ್ಕೆ ತಿರುಗುವಲ್ಲಿ, ಮೇಲ್ಕಾರ್ ಜಂಕ್ಷನಿನಲ್ಲಿ ನಿಂತಿರ್ತೇನೆ, ದೋಟಿಯ ಒಟ್ಟಿಗೆ ನನ್ನನ್ನೂ ಹತ್ತಿಸಿಕೊಳ್ಳಿ."